ಮೇಲುಕೋಟೆ ಬಸ್ಸಿನ ಗುಂಡಿ

“ಓಡ್‌ಬ್ಯಾಡ ಕಣಜ್ಜಿ, ನಿಧಾನುಕ್ ಬಾ, ಬಸ್ಸು ಓಗಾಕಿಲ್ಲ!”

ಧ್ವನಿವರ್ಧಕ ಹೀಗೆ ಕೂಗಿದ್ದೇ ತಡ, ಪಾಂಡವಪುರ ಬಸ್ ನಿಲ್ದಾಣದಲ್ಲಿ ಮೇಲುಕೋಟೆ ಬಸ್ಸಿಗೆ ಓಡುತ್ತಿದ್ದ ನಾಲ್ಕೈದು ಅಜ್ಜಿಯರು ಗಕ್ಕನೆ ನಿಂತರು. ಪರೀಕ್ಷೆಗೆಂದು ಗುಂಡಿ ಒತ್ತಿದ್ದವನು ನಾನೇ. ತೊಂಬತ್ತರ ದಶಕದ ಮಾತಿದು. ಕ್ಯಾಸೆಟ್ಟೇ ಬೇಡದ, ಎಂಟು ಗುಂಡಿಯ ಹೊಸ ಪ್ರಕಟಣೆ ಯಂತ್ರವನ್ನು ಆಗಷ್ಟೇ ಕೂರಿಸಿದ್ದೆ. ಒಂದೊಂದು ಗುಂಡಿಗೆ ಒಂದೊಂದು ಊರು. ಒಪ್ಪಿಗೆಯ ಸಹಿ ಹಾಕಬೇಕಾದ ಅಧಿಕಾರಿ ಪಕ್ಕದಲ್ಲೇ ನಿಂತಿದ್ದರು. ಬೆಳಿಗ್ಗೆ ಯಂತ್ರಕ್ಕೆ ದನಿ ಕೊಟ್ಟ ಕಂಟ್ರೋಲರ್ ಸಿದ್ದೇಗೌಡರು, ಮೇಲುಕೋಟೆ ಬಸ್ಸು ಹೊರಡುವ ಹೊತ್ತು ಹೇಳುತ್ತಲೇ, ಕಿಟಕಿಯಾಚೆ ಓಡುತ್ತಿದ್ದ ಯಾವುದೋ ಅಜ್ಜಿಗೆ ಕೂಗಿಬಿಟ್ಟಿದ್ದರು. ಅದೂ ರೆಕಾರ್ಡ್ ಆಗಿಹೋಗಿತ್ತು.

“ಈಗಲೇ ಅಳಿಸ್ತೀನಿ ಸಾರ್” ಎಂದೆ.

ಅಷ್ಟರಲ್ಲಿ, ಹೊರಡಲು ಗುರುಗುಟ್ಟುತ್ತಿದ್ದ ಬಸ್ಸಿನ ಎಂಜಿನ್ ಆಫ್ ಆಯಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅದ್ಯಾವ್ ಅಜ್ಜಿನಪ್ಪಾ? ಬರಾಕೇಳಿ, ಕಾಯ್ತೀನಿ” ಎಂದ. ಅಜ್ಜಿಯರೆಲ್ಲ ಆರಾಮಾಗಿ ನಡೆದುಕೊಂಡು ಹೋಗಿ ಬಸ್ಸು ಹತ್ತಿದರು. ಅಧಿಕಾರಿ ನಗುತ್ತಾ, ಅಳಿಸುವುದೇನೂ ಬೇಡವೆಂದು ಸಹಿ ಹಾಕಿದರು.

ಮರುವರ್ಷ ಯಂತ್ರದ ಸರ್ವಿಸಿಗೆ ಹೋದಾಗ ಉಳಿದ ಏಳು ಊರುಗಳ ಪ್ರಕಟಣೆಗಳೂ ಬದಲಾಗಿದ್ದವು. ಮೇಲುಕೋಟೆಯದನ್ನು ಮಾತ್ರ ಯಾರೂ ಅಳಿಸಿರಲಿಲ್ಲ.