ಯಾರೂ ಏನೂ ಕೇಳಲಿಲ್ಲ

ಕಲಬುರಗಿಯಲ್ಲಿ ನನಗೆ ಇಎಂಡಿಆರ್ ಅಂತ ಒಂದು ಚಿಕಿತ್ಸೆ ನಡೀತಿದೆ. ಬಾಲ್ಯದ ಯಾವುದಾದರೂ ನೋವು ನೆನಪಿಸಿಕೊಳ್ಳುತ್ತ, ಎಡಕ್ಕೂ ಬಲಕ್ಕೂ ಆಡುವ ಡಾಕ್ಟರಮ್ಮನ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. "ಮನ್ಯಾಗ ಒಬ್ರೇ ಮಾಡಬ್ಯಾಡ್ರಿ" ಅಂತ ತಾಕೀತು ಮಾಡಿದ್ದರು. ಮನೆಯಲ್ಲಿ ಮಾಡಲಿಲ್ಲ. ಅಫಜಲಪುರದ ಬಸ್ಸಿನಲ್ಲಿ ಆಗಿಹೋಯಿತು.

ಸುಡುಬಿಸಿಲಿನಲ್ಲಿ ಬಸ್ಸಿನ ವೈಪರ್ ಕೆಟ್ಟು, ನಿಲ್ಲದೆ ಆಡುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ನನ್ನ ಕಣ್ಣು ತಾನಾಗಿ ಅದರ ಬೆನ್ನು ಹತ್ತಿತು. ಸ್ವಲ್ಪ ಹೊತ್ತಿಗೆ ಅಳು ಬಂತು.

"ಯಾಕವಾ, ಯಾರರ ಬೈದರೇನು?" ಪಕ್ಕದಲ್ಲಿದ್ದ ಮುದುಕಿ ಕೇಳಿದಳು.

"ಇಲ್ಲ ಆಯಿ. ಬೈದಿಲ್ಲ, ಹೊಡದಿಲ್ಲ. ಸಣ್ಣಾಕಿದ್ದಾಗ ಮನ್ಯಾಗ ನನಗ ಯಾರೂ ಏನೂ ಕೇಳ್ತಿದ್ದಿಲ್ಲ."

"ಇಷ್ಟೇ ಏನು? ನಾ ಕೇಳ್ತೇನಿ ತಗೋ."

ಕೇಳಿದಳು. ಒಂದೇ ಕೂಸು ಯಾಕೆ, ಅತ್ತೆ ಹೇಗೆ, ಗಂಡ ಕುಡಿಯುತ್ತಾನೇನು, ತಲೆಗೂದಲು ಇಷ್ಟ್ಯಾಕೆ ಉದುರಿದೆ. ಹಿಂದಿನ ಸೀಟಿನವರೂ ನನ್ನ ಉತ್ತರಕ್ಕೆ ಕಿವಿಗೊಟ್ಟು ಕೂತರು. ಚೌಡಾಪುರ ಬರುವಷ್ಟರಲ್ಲಿ, ಯಾರೂ ಏನೂ ಕೇಳದ ಆ ಬಾಲ್ಯವೇ ವಾಸಿ ಅನ್ನಿಸಿಬಿಟ್ಟಿತ್ತು.

ಅಲ್ಲಿ ಇಳಿದವಳು ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. "ಮನಿ ಮುಟ್ಟಿದ ಕೂಡಲೇ ಫೋನ್ ಹಚ್ಚವಾ. ಇಲ್ಲಂದ್ರ ನನ್ನ ಜೀವಕ್ಕ ಸಮಾಧಾನ ಇರಂಗಿಲ್ಲ."

ಹೂಂ ಅಂತ ತಲೆಯಾಡಿಸಿದೆ. ಬಸ್ಸು ಊರು ದಾಟಿದ ಮೇಲೆ ಹೊಳೆಯಿತು, ಅವಳ ನಂಬರನ್ನಾಗಲಿ ಹೆಸರನ್ನಾಗಲಿ ನಾನು ಕೇಳಿಯೇ ಇರಲಿಲ್ಲ. ಎಷ್ಟೆಂದರೂ ನಾನು ಆ ಮನೆಯ ಮಗಳು.