ಜೊತೆಯಲ್ಲಿದ್ದ ಇನ್ನೊಬ್ಬ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕುಳಿತು ಎದ್ದಿದ್ದೇನೋ. ಮಕ್ಕಳ ಮದುವೆ ಆಗಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದುಕೊಂಡೆ. ಎರಡೂ ಮುಗಿದು ವರ್ಷಗಳಾದವು. ನಿಜವಾದ ಕಾರಣ ಹೆದರಿಕೆ. ಈಗ ತಾನೇ ಸೊಸೆ ಕಾಫಿ ತಂದು "ಏನ್ ಬರೀತಾ ಇದ್ದೀರಿ ಮಾವ?" ಅಂದಳು. ಹಾಳೆಯ ಮೇಲೆ ಪೇಪರು ಎಳೆದುಕೊಂಡು "ಏನಿಲ್ಲ ಕಣವ್ವ" ಅಂದೆ. ಎಪ್ಪತ್ತನಾಲ್ಕು ವರ್ಷದವನು, ನನ್ನದೇ ಮನೆಯಲ್ಲಿ, ಹಾಡಹಗಲು.

ಪಾಂಡವಪುರದ ಸುತ್ತಿನ ಆಲೆಮನೆಗಳಲ್ಲಿ ಅವರನ್ನು ಎಲ್ಲರೂ ರಷ್ಯಾದಣ್ಣ ಎಂದೇ ಕರೆಯುತ್ತಿದ್ದರು. ಬೆಲ್ಲದ ಹದ ನೋಡುವುದು ಅವರ ಕೆಲಸ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪಗಾಗುವ ಹೊತ್ತಿಗೆ ಬೆರಳುಗಳನ್ನು ತಣ್ಣೀರಿಗೆ ಅದ್ದಿ, ಅವನ್ನೇ ಕುದಿಯುವ ಪಾಕಕ್ಕೆ ಇಳಿಸಿ, ಚಿಟಿಕೆಯಷ್ಟು ಎತ್ತಿ, ಮತ್ತೆ ನೀರಿಗೆ ಬಿಟ್ಟು ಉಂಡೆ ಕಟ್ಟುತ್ತಿದ್ದರು. ನೋಡುವ ನಮಗೆ ಮೈ ಜುಮ್ಮೆನ್ನುತ್ತಿತ್ತು. ಅವರ ಬಾಯಿ ಮಾತ್ರ ರಷ್ಯಾದಲ್ಲಿರುತ್ತಿತ್ತು. "ಆ ಮೀಸೆಯೋನು ಏನ್ ಮಾಡ್ದ ಅಂದ್ರೆ... ಇಳ್ಸ್ರಲಾ, ಅದ ಬಂತು!... ಏನ್ ಮಾಡ್ದ ಅಂದ್ರೆ..."

ಅವರು ಓದಿದ್ದು ನಾಲ್ಕನೇ ಕ್ಲಾಸು. ಮಂಡ್ಯಕ್ಕೆ ಬರುತ್ತಿದ್ದ ಪುಸ್ತಕದ ವ್ಯಾನಿನಿಂದ ರಷ್ಯಾದ ಕ್ರಾಂತಿಯ ಚರಿತ್ರೆಯನ್ನು ಅಗ್ಗಕ್ಕೆ ಕೊಂಡಿದ್ದರು. ಯಾರೋ ಮೇಷ್ಟ್ರು ಕೊಟ್ಟ ಅದೇ ಚರಿತ್ರೆಯ ಇನ್ನೊಂದು ಹಳೆಯ ಪುಸ್ತಕವೂ ಇತ್ತು. ಎರಡಕ್ಕೂ ತಾಳೆಯಾಗುತ್ತಿರಲಿಲ್ಲ. ಅಲ್ಲಿಂದಲೇ ಅವರಿಗೆ ಹುಚ್ಚು ಹಿಡಿದದ್ದು. "ಅಳೇ ಪುಸ್ತಕದಾಗೆ ದಂಡು ಕಟ್ಟಿದೋನು ಕನ್ನಡಕದೋನು. ಒಸಾ ಪುಸ್ತಕದಾಗೆ ಅವನ ಎಸ್ರೇ ಇಲ್ಲ. ಅಷ್ಟು ದೊಡ್ಡ ದಂಡು ತಂತಾನೇ ಉಟ್ಕಂಡ್ಬುಡ್ತಾ?"

ಆ ಮುಖಂಡರ ಹೆಸರು ನಮ್ಮ ನಾಲಗೆಗೆ ಹೊರಳುವುದಿಲ್ಲವೆಂದು ಅವರೇ ಹೆಸರಿಟ್ಟಿದ್ದರು. ಕ್ರಾಂತಿ ನಡೆಸಿದ ಹಿರಿಯನು ಯಜಮಾನ, ದಂಡು ಕಟ್ಟಿದವನು ಕನ್ನಡಕದವನು, ಪಕ್ಷದ ಕಾರ್ಯದರ್ಶಿ ಮೀಸೆಯವನು. ಕಥೆ ನಮ್ಮ ಪಂಚಾಯ್ತಿಯದೇ ಏನೋ ಎನ್ನುವ ಹಾಗೆ ಹೇಳುತ್ತಿದ್ದರು.

"ಯಜಮಾನ್ನಿಗೆ ಲಕ್ವ ಒಡ್ದು ಮಲಿಕಂಡ್ಬುಟ್ಟ ಕಣ್ರಲಾ. ಮಲಗಿದ್ದಂಗೇ ಕಾಗ್ದ ಬರ್ಸ್ದ, ಈ ಮೀಸೆಯೋನು ಒರಟ, ಕಾರ್ಯದರ್ಸಿ ಕೆಲ್ಸದಿಂದ ತೆಗೀರಿ ಅಂತ. ಯಜಮಾನ ಸತ್ತ ಮ್ಯಾಲೆ ಉಳಿದೋರು ಆ ಕಾಗ್ದವ ಒಳಗೊಳಗೇ ಓದಿ ಮಡಿಚಿ ಇಟ್ಬುಟ್ರು. ಯಾಕೇಳು? ಎಲ್ರಿಗೂ ಕನ್ನಡಕದೋನು ಮ್ಯಾಕೆ ಬಂದಾನು ಅಂತ ದಿಗ್ಲು. ಮೀಸೆಯೋನು ಬರೀ ಗುಮಾಸ್ತ, ಇರ್ಲಿ ಬುಡು ಅಂದ್ಕಂಡ್ರು."

ಮೀಸೆಯವನು ಇಬ್ಬರ ಜೊತೆ ಸೇರಿ ಕನ್ನಡಕದವನನ್ನು ಹೊರಹಾಕಿದ. ಆಮೇಲೆ ಇನ್ನೊಬ್ಬನ ಜೊತೆ ಸೇರಿ ಆ ಇಬ್ಬರನ್ನು. ಕೊನೆಗೆ ಆ ಇನ್ನೊಬ್ಬನನ್ನೂ. ಪ್ರತಿ ಸಲವೂ ಒಂದು ಸಭೆ, ಒಂದು ನಿರ್ಣಯ, ಎತ್ತಿದ ಕೈಗಳು. ಒಂದು ಸಲ ಕೈ ಎತ್ತಿದವರೇ ಮುಂದಿನ ಸಲ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಕೋರ್ಟಿನಲ್ಲಿ ಅವರು ತಾವು ಮಾಡದ ದ್ರೋಹವನ್ನು ಒಪ್ಪಿಕೊಂಡು ಗುಂಡಿಗೆ ಎದೆಯೊಡ್ಡಿದರು ಎನ್ನುವಲ್ಲಿಗೆ ಬಂದಾಗ ರಷ್ಯಾದಣ್ಣ ಪಾಕದ ಉಂಡೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. "ಅದೊಂದು ನಂಗೆ ಇನ್ನೂ ಪಾಕದಂಗೆ ಅದುಕ್ಕೆ ಬಂದಿಲ್ಲ ಕಣ್ಲಾ. ಮಾಡ್ದೇ ಇರೋದ್ನ ಯಾಕ್ ಒಪ್ಕಂಡ್ರು?"

ನಮ್ಮ ಕಡೆಯ ಆಲೆಮನೆ ಕೂಲಿಗಾರರ ಸಂಘ ಕಟ್ಟಿ ಅಧ್ಯಕ್ಷರಾದವರು ಅವರೇ. ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಕಾರ್ಯದರ್ಶಿ ಮಾಡಿದರು. "ಲೇ, ಮೀಸೆಗೀಸೆ ಬುಟ್ಟೀಯ ಮತ್ತೆ!" ಎಂದು ಎಲ್ಲರೆದುರು ನಗಿಸಿದರು. ನನಗೆ ಅವರು ಯಾವತ್ತೂ 'ಲೇ', 'ಕಣ್ಲಾ' ಎನ್ನದೆ ಮಾತಾಡಿದವರಲ್ಲ. ಅಪ್ಪನಿಲ್ಲದ ನನಗೆ ಅದು ಹಿತವಾಗಿತ್ತು.

ಉಪಾಧ್ಯಕ್ಷನಾಗಿ ಬಂದವನು ನಂಜಪ್ಪ. ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅವನಿಗೆ ಎದುರಾಡಿದ ಒಬ್ಬ ಕೂಲಿಯ ಸೈಕಲ್ಲು ಮಾರನೆಯ ವಾರ ನಾಲೆಯೊಳಗೆ ಸಿಕ್ಕಿತು. ಮೊಣಕಾಲು ಮುರಿದುಕೊಂಡು ಅವನು ಏರಿಯ ಮೇಲೆ ಬಿದ್ದಿದ್ದ. ಯಾರು ಹೊಡೆದರೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಸುಗ್ಗಿಯಲ್ಲಿ ಶೀಳನೆರೆಯ ಒಂದು ಆಲೆಮನೆಯ ಗಾಣಕ್ಕೆ ತಮ್ಮಯ್ಯ ಎಂಬ ಕೂಲಿಯ ಕೈ ಸಿಕ್ಕಿಕೊಂಡಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಲು ಮಾಲೀಕನನ್ನು ಕೇಳೋಣವೆಂದು ರಷ್ಯಾದಣ್ಣ ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದರು. ಉರಿಬಿಸಿಲು. ನಾನು ತಲೆಗೆ ಟವಲು ಸುತ್ತಿಕೊಂಡಿದ್ದೆ. ಮಾಲೀಕ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟ, ಕಾರೂ ಕೊಟ್ಟ. ಅಲ್ಲಿ ನಡೆದದ್ದು ಅಷ್ಟೇ.

ನಾಲ್ಕು ದಿನ ಬಿಟ್ಟು ಬೆಳಗ್ಗೆ ನಂಜಪ್ಪ ನಮ್ಮ ಮನೆಗೆ ಬಂದ.

"ನಿಮ್ ರಷ್ಯಾದಣ್ಣ ಮಾಲೀಕನ ಮನ್ಲಿ ಗುಟ್ಟಾಗಿ ಕಾಫಿ ಕುಡ್ಕಂಡು ವ್ಯವಾರ ಮಾಡ್ತಾವ್ನೆ. ಕಂಡೋರವ್ರೆ."

ನಾನು ಅವನಿಗೆ ಕೂರಲು ಚಾಪೆ ಹಾಸಿದೆ.

"ಜೊತೇಲಿ ಇನ್ನೊಬ್ಬ ಇದ್ನಂತೆ. ತಲೆಗೆ ಟವಲ್ ಸುತ್ತಿದ್ನಂತೆ, ಮಕ ಕಾಣ್ನಿಲ್ವಂತೆ. ಯಾರಿರಬೌದು ಕಾರ್ಯದರ್ಸಿ?"

"ಗೊತ್ತಿಲ್ಲ ಕಣಣ್ಣ."

"ಗೊತ್ತಾಯ್ತದೆ ಬುಡು. ಗೊತ್ತಾದ್ರೆ ಇಬ್ರುನ್ನೂ ಒಟ್ಗೇ ತೆಗ್ಯಾಣ. ಈಗ ಪೆನ್ನು ತಗೋ, ಅವನ್ನ ಸಂಗದಿಂದ ತೆಗ್ದಾಕೋ ನಿರ್ಣಯ ಬರಿ."

ಅವನು ಹೇಳುತ್ತಾ ಹೋದ, ನಾನು ಬರೆದೆ. 'ಮಾಲೀಕರೊಂದಿಗೆ ಒಳಒಪ್ಪಂದ' ಎಂಬ ಮಾತು ಮಾತ್ರ ಅವನದಲ್ಲ. ಅವನು ತಕ್ಕ ಪದ ಸಿಗದೆ ತಡವರಿಸಿದಾಗ ನಾನೇ ಒದಗಿಸಿದೆ.

ಸಭೆ ಸೇರಿದ್ದು ಭಾನುವಾರ ಮಧ್ಯಾಹ್ನ, ಖಾಲಿ ಆಲೆಮನೆಯೊಂದರಲ್ಲಿ. ಐವತ್ತು ಜನ ಬಂದಿದ್ದರು. ನಾನು ಎದ್ದು ನಿಂತೆ. ಹಾಳೆಯ ಮಡಿಕೆ ಬಿಚ್ಚಿದೆ, ಮತ್ತೆ ಮಡಿಚಿದೆ.

"ಓದ್ಲಾ, ಬರ್ದಿದ್ದೀಯಲ್ಲ," ಎಂದರು ರಷ್ಯಾದಣ್ಣ. ಕೋಪವಿರಲಿಲ್ಲ.

ಓದಿದೆ. ನಂಜಪ್ಪ ಮೆಲ್ಲಗೆ ಕೇಳಿದ: "ಓಗಿದ್ದು ನಿಜವಾ?"

"ಓಗಿದ್ದೆ. ತಮ್ಮಯ್ಯನ ಕೈ ವಿಚಾರುಕ್ಕೆ ಓಗಿದ್ದೆ."

"ಅದ್ಕೆ ಸಾಕ್ಸಿ? ತಮ್ಮಯ್ಯ ಇನ್ನೂ ಮೈಸೂರಾಸ್ಪತ್ರೇಲವ್ನೆ. ಜೊತೇಲಿ ಇದ್ದೋನು ಯಾರು? ಏಳು, ಅವ್ನುನ್ನೇ ಕೇಳಾಣ."

ರಷ್ಯಾದಣ್ಣ ನನ್ನ ಕಡೆ ತಿರುಗಿ ನೋಡಿದರು. ನೋಡಿ ಕಾದರು. ನಾನು ಬಾಯಿ ಬಿಟ್ಟು "ನಾನಿದ್ದೆ" ಎಂದಿದ್ದರೆ ಸಾಕಿತ್ತು. ನನಗೆ ಕಾಣುತ್ತಿದ್ದದ್ದು ನಾಲೆಯ ನೀರು, ಮುರಿದ ಮೊಣಕಾಲು. ನಾನು ಹಾಳೆಯನ್ನೇ ನೋಡಿದೆ.

"ಯಾರೂ ಇರ್ನಿಲ್ಲ," ಎಂದರು ಅವರು. "ದಾರೀಲಿ ಯಾವನೋ ಸಿಕ್ಕಿದ್ದ. ಗುರ್ತಿಲ್ಲ. ನಾನೊಬ್ನೇ ಓಗಿದ್ದು. ಬರ್ಕಳಿ."

ಹಾಗೆಂದ ಮೇಲೆ ಅವರಿಗೆ ಸಾಕ್ಷಿಯೇ ಉಳಿಯಲಿಲ್ಲ. ಕೈಗಳು ಎದ್ದವು. ನನ್ನ ಕೈ ಮೊದಲನೆಯದಲ್ಲ. ಆದರೆ ಎಲ್ಲರಿಗಿಂತ ಎತ್ತರಕ್ಕಿತ್ತು, ನಂಜಪ್ಪನಿಗೆ ಕಾಣಲಿ ಎಂದು.

ಆಮೇಲೆ ಯಾವ ಆಲೆಮನೆಯೂ ಅವರನ್ನು ಇಟ್ಟುಕೊಳ್ಳಲಿಲ್ಲ. ಅವರಿದ್ದ ಕೊಪ್ಪರಿಗೆಯ ಬಳಿ ನಮ್ಮವರು ನಿಲ್ಲುತ್ತಿರಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ನಾಗಮಂಗಲದ ಕಡೆ ತೆಂಗಿನಕಾಯಿ ಸುಲಿಯಲು ಹೋದರು ಎಂದು ಕೇಳಿದೆ. ನಾನು ಇನ್ನೂ ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ, ನಂಜಪ್ಪ ಹೇಳಿದವರ ಮೇಲೆಲ್ಲ ನಿರ್ಣಯ ಬರೆದೆ. ಪ್ರತಿ ಸಭೆಯಲ್ಲೂ ಅವನು ಆ ಟವಲಿನವನ ಮಾತು ತೆಗೆಯುತ್ತಾನೇನೋ ಎಂದು ಬೆವರುತ್ತಿದ್ದೆ.

ಅವರನ್ನು ಕೊನೆಯ ಸಲ ಕಂಡದ್ದು ಕಿಕ್ಕೇರಿಯ ಬಸ್‌ಸ್ಟಾಂಡಿನಲ್ಲಿ. ನಾನೂ ನಂಜಪ್ಪನೂ ಟೀ ಕುಡಿಯುತ್ತಿದ್ದೆವು. ಅವರಿಗೆ ಗಡ್ಡ ಬೆಳೆದಿತ್ತು, ಹೆಗಲಿಗೆ ಒಂದು ಚೀಲ. ನಂಜಪ್ಪ ಬೆನ್ನು ಹಾಕಿ ನಿಂತಿದ್ದ. ಅವರು ನೇರ ನನ್ನ ಕಡೆಗೇ ನಗುತ್ತಾ ಬಂದರು. ನಾನು ಥಟ್ಟನೆ ನಂಜಪ್ಪನ ಕಡೆ ಕಣ್ಣು ಹೊರಳಿಸಿದೆ. ಅವರು ಅದನ್ನು ನೋಡಿದರು. ನಂಜಪ್ಪನ ಬೆನ್ನನ್ನೂ ನೋಡಿದರು. ನಗು ನಿಂತಿತು.

"ಸ್ವಾಮಿ, ನಾಗಮಂಗ್ಲದ ಬಸ್ಸು ಓಯ್ತಾ?" ಎಂದರು.

"ಇನ್ನೂ ಇಲ್ಲ," ಎಂದೆ.

"ಒಳ್ಳೇದು ಸ್ವಾಮಿ," ಎಂದು ದೂರ ಹೋಗಿ ಕಲ್ಲಿನ ಮೇಲೆ ಕುಳಿತರು. ಒಂದು 'ಲೇ' ಇಲ್ಲ, ಒಂದು 'ಕಣ್ಲಾ' ಇಲ್ಲ. ಬಸ್ಸು ಬಂದು ಅವರು ಹತ್ತಿ ಹೋಗುವವರೆಗೆ ಮತ್ತೆ ನನ್ನ ಕಡೆ ತಿರುಗಲಿಲ್ಲ. ನಂಜಪ್ಪ "ಯಾರ್ಲಾ ಅದು?" ಅಂದ. "ಯಾರೋ, ಗುರ್ತಿಲ್ಲ," ಅಂದೆ.

ಅವರು ತೀರಿಕೊಂಡದ್ದು ನನಗೆ ಎರಡು ವರ್ಷ ತಡವಾಗಿ ಗೊತ್ತಾಯಿತು. ಈಗ ನಂಜಪ್ಪನೂ ಇಲ್ಲ. ಸಂಘದ ಬೋರ್ಡಿದ್ದ ಜಾಗದಲ್ಲಿ ಮೊಬೈಲು ರಿಪೇರಿ ಅಂಗಡಿಯಿದೆ. ಅವರ ಮಗಳು ನಾಗಮಂಗಲದಲ್ಲಿದ್ದಾಳಂತೆ. ಎರಡು ಸಲ ಬಸ್ಸು ಹತ್ತಿ, ಅರ್ಧ ದಾರಿಯಲ್ಲೇ ಇಳಿದು ವಾಪಸು ಬಂದೆ. ತಂದೆ ನಿಜಕ್ಕೂ ಸಂಘಕ್ಕೆ ದ್ರೋಹ ಮಾಡಿದರೆಂದೇ ಆಕೆ ತಿಳಿದಿರಬಹುದು. ಇಷ್ಟು ಹೊತ್ತು ಇಲ್ಲಿಯೂ ಅಡ್ಡಹೆಸರಿನಲ್ಲೇ ಕರೆದೆ. ನಿಜವಾದ ಹೆಸರನ್ನು ನಾನು ಕಡೆಯದಾಗಿ ಬರೆದದ್ದು ಆ ನಿರ್ಣಯದಲ್ಲಿ. ಕ್ಷಮಿಸಿ ಎಂದು ಒಂದು ಸಲವೂ ನಾನು ಕೇಳದೆ ಹೋದ ಆ ಮನುಷ್ಯನ ಹೆಸರು ಜವರಯ್ಯ. ತೊಣ್ಣೂರಿನ ಜವರಯ್ಯ.