ಹಳೆಯ ಶಾಲೆಯೊಳಗಿನ ನೀರು

ಮೀಂಜದ ನಮ್ಮ ಹಳೆಯ ಶಾಲಾ ಕಟ್ಟಡವನ್ನು ಕೆಡವುತ್ತಾರೆಂದು ತಿಳಿದಾಗ, ಒಮ್ಮೆ ಒಳಗೆ ಹೋಗಿ ಬರೋಣವೆಂದು ಹಠ ಹಿಡಿದವಳು ನಾನೇ. ಜೊತೆಗೆ ಬಂದವಳು ಅಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ. ಈಗ ವಿದ್ಯಾನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಹೊಸ ಕಟ್ಟಡ ಬಂದ ಮೇಲೆ ಹಳೆಯದರತ್ತ ಯಾರೂ ಸುಳಿಯುತ್ತಿರಲಿಲ್ಲ.

ನಾನು ಟೀಚರು, ಬುದ್ಧಿ ಹೇಳುವುದು ನನ್ನ ಚಟ. ಬಾವಲಿಯ ಒಣ ಹಿಕ್ಕೆಯ ದೂಳು ಉಸಿರಿಗೆ ಕೆಟ್ಟದ್ದು, ಗೋಡೆಯ ಬೂಷ್ಟು ಮುಟ್ಟಬಾರದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ತಲೆ ತಿಂದಿದ್ದೆ. ಇಬ್ಬರಿಗೂ ಮಾಸ್ಕು, ಗ್ಲೌಸು ನನ್ನ ಚೀಲದಲ್ಲೇ ಇದ್ದವು.

ಒಳಗೆ ಪಾದ ಮುಳುಗುವಷ್ಟು ಮಳೆನೀರು ನಿಂತಿತ್ತು. ನಾನು ಚಪ್ಪಲಿ ಕಳಚಿ ಮೆಟ್ಟಿಲ ಬದಿಗಿಟ್ಟೆ. ಅವಳು ಹಿಂಜರಿದಳು.

“ನೀರು ಉಂಟು ಮಾರಾಯ್ತಿ, ಹಾಕಿಯೇ ಹೋಗುವ.”

“ಶಾಲೆಯೊಳಗೆ ಚಪ್ಪಲಿ ಹಾಕುವುದಾ?” ಎಂದು ಗದರಿದೆ. ಅವಳ ಹಿಮ್ಮಡಿ ಒಡೆದಿರುವುದು ನನಗೆ ಗೊತ್ತಿತ್ತು. ಆದರೂ ಚಿಕ್ಕಂದಿನಿಂದ ಆ ಮೆಟ್ಟಿಲ ಬಳಿ ಬರಿಗಾಲಾದವರು ನಾವು. ಬೇರೆ ಯೋಚನೆಯೇ ಬರಲಿಲ್ಲ. ಅವಳೂ ಕಳಚಿದಳು.

ಆಮೇಲಿನ ಅರ್ಧ ಗಂಟೆ ಈಗಲೂ ನನಗೆ ಕನಸಿನಂತೆಯೇ ನೆನಪಾಗುತ್ತದೆ. ಹೆಂಚು ಜಾರಿದ ಕಡೆಯಿಂದ ಬಿಸಿಲು ನೇರವಾಗಿ ನೀರಿಗೆ ಇಳಿದಿತ್ತು. ಹೆಂಚಿನ ಮಾಡಿನ ಪ್ರತಿಬಿಂಬವೆಲ್ಲ ನಮ್ಮ ಕಾಲ ಕೆಳಗೆ ನೀರಲ್ಲಿ ಅಲುಗುತ್ತಿತ್ತು. ನಾವು ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದೆಂಬಂತೆ ನಡೆದೆವು. ಕರಿಹಲಗೆಯ ಮೇಲೆ ಹಸಿರು ಪಾಚಿ ಬೆಳೆದಿತ್ತು. ನಾವು ಕೂರುತ್ತಿದ್ದ ಜಾಗದಲ್ಲಿ ಅವಳು ಬಹಳ ಹೊತ್ತು ನಿಂತಳು, ಮಾಸ್ಕಿನೊಳಗಿಂದಲೇ ಮಗ್ಗಿ ಹೇಳಿದಳು. ನನಗೆ ತುಂಬ ಸುಖವಾಗಿತ್ತು.

ವಾರ ಕಳೆದು ಅವಳಿಗೆ ಜ್ವರ ಬಂತು. ಮೀನಖಂಡ ಮುಟ್ಟಗೊಡದಷ್ಟು ನೋವು, ಆಮೇಲೆ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಎಲ್ಲಾದರೂ ಕೊಳಕು ನೀರಿಗೆ ಇಳಿದಿದ್ದರಾ ಎಂದು ಕೇಳಿದರು. ನಾನು ಮಾಸ್ಕಿನ ಕತೆ ಹೇಳುತ್ತ ಹೇಳುತ್ತ ಅರ್ಧಕ್ಕೆ ನಿಂತೆ. ಇಲಿ ಓಡಾಡುವ ಪಾಳು ಕಟ್ಟಡದ ನೀರು, ಒಡೆದ ಹಿಮ್ಮಡಿ. ಇಲಿಜ್ವರಕ್ಕೆ ಅಷ್ಟು ಸಾಕಂತೆ. ಕಿಡ್ನಿಗೂ ತಗುಲಿದೆ, ನಾಲ್ಕು ದಿನ ಏನೂ ಹೇಳಲಾಗದು ಎಂದರು.

ಆ ನಾಲ್ಕು ದಿನ ನಾನು ವಾರ್ಡಿನ ಹೊರಗೆ ಕುಳಿತು ನನ್ನ ಗದರಿಕೆಯನ್ನೇ ಮತ್ತೆ ಮತ್ತೆ ಕೇಳಿಸಿಕೊಂಡೆ. ಅವಳು ಹೋಗಿಬಿಟ್ಟರೆ ಅದು ನನ್ನ ಬಾಯಿಂದಲೇ ಎಂಬುದು ಖಚಿತವಾಗಿತ್ತು.

ಐದನೆಯ ದಿನ ಅಪಾಯ ದಾಟಿತೆಂದು ಒಳಗೆ ಬಿಟ್ಟರು. ಚಪ್ಪಲಿ ಬಿಚ್ಚಿಸಿದವಳು ನಾನು, ತಪ್ಪು ನನ್ನದೇ ಎಂದು ಹೇಗೋ ಹೇಳಿ ಮುಗಿಸಿದೆ. ಅವಳು ಕೇಳಿದಳೋ ಇಲ್ಲವೋ, ಒಣಗಿದ ತುಟಿ ಅಲುಗಿತು.

“ನೀನು ಮಾತ್ರೆ ತೆಕ್ಕೊಂಡಿದ್ದೀಯಾ? ನಿನ್ನ ಕಾಲು ಕೂಡ ಅದೇ ನೀರಲ್ಲಿ ಇತ್ತಲ್ಲ.”

ಅಷ್ಟು ದಿನವೂ ನನಗೆ ಅದು ಹೊಳೆದಿರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ಅತ್ತುಬಿಟ್ಟೆ.